ಗಾಜಿಗೆ ಸಾಣೆ: ಮೊದಲ ಗ್ರೈಂಡರ್ ಕೊಳ್ಳುವವರ ತಪ್ಪು ಕಲ್ಪನೆಗಳು

ಕೃಷ್ಣೆಯ ದಡದ ತಿಂಥಣಿ ಎಂದರೆ ಮೌನೇಶ್ವರರ ಊರು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಈ ಕ್ಷೇತ್ರ ವಿಶ್ವಕರ್ಮರಿಗಂತೂ ಗುರುಸ್ಥಾನ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಅವರ ಐದು ಕಸುಬುಗಳಲ್ಲಿ ಗಾಜು ಇಲ್ಲ. ಹಾಗಾಗಿ ಸುರಪುರ, ಶಹಾಪುರದ ಕಡೆಯ ಹುಡುಗನೋ ಹುಡುಗಿಯೋ ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ ಕಿಟಕಿ, ದೀಪದ ಬುರುಡೆ ಮಾಡಲು ಹೊರಟರೆ ಮನೆಯ ಹಿರಿಯರು ಕಲ್ಲು ಕಬ್ಬಿಣದ ತಿಳಿವಳಿಕೆಯನ್ನೇ ಗಾಜಿಗೂ ಹಚ್ಚುತ್ತಾರೆ. ಗ್ರೈಂಡರ್ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆ.

ಮೊದಲ ಮಾತೇ ಇದು: ‘ಮನೆಯಲ್ಲಿ ಗ್ರೈಂಡರ್ ಇದೆಯಲ್ಲ, ಇನ್ನೊಂದು ಯಾಕೆ?’ ಬಡಗಿ ಉಳಿ ಮಸೆಯುವ ಯಂತ್ರ, ಗ್ರಾನೈಟ್ ಕೊಯ್ಯುವ ಕೈ ಗ್ರೈಂಡರ್ ಎರಡೂ ಒಣ ಕೆಲಸದವು. ನಾಲ್ಕಿಂಚಿನ ಕೈ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಉಕ್ಕು ಬಿಸಿಯನ್ನು ಮೈತುಂಬ ಹರಡಿಕೊಳ್ಳುತ್ತದೆ. ಗಾಜಿಗೆ ಆ ಗುಣವಿಲ್ಲ. ಉಜ್ಜಿದ ಅಂಚು ಕಾಯ್ದು ಹಿಗ್ಗುತ್ತದೆ, ಎರಡು ಬೆರಳು ಆಚೆಗೆ ಗಾಜು ತಣ್ಣಗೇ ಇರುತ್ತದೆ, ಆ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಬಣ್ಣದ ಗಾಜಿನ ಗ್ರೈಂಡರ್ ಬೇರೆಯದೇ ಸಾಧನ. ಮೇಜಿನ ಮೇಲೆ ಕೂರುವ ಪುಟ್ಟ ಪೆಟ್ಟಿಗೆ, ಒಳಗೆ ಮೋಟಾರು, ಮೇಲೆ ಜಾಲರಿ ಹಲಗೆ, ಅದರ ನಡುವೆ ಎದ್ದು ನಿಂತ ಹೆಬ್ಬೆರಳು ಗಾತ್ರದ ಉರುಳೆ. ಉರುಳೆಯ ಮೈಗೆ ವಜ್ರದ ಹರಳುಪುಡಿ ಅಂಟಿರುತ್ತದೆ, ಬೆನ್ನಿಗೆ ಒದ್ದೆ ಸ್ಪಂಜು ತಾಗಿರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತಿನ ಸುಮಾರು.

‘ಗ್ರೈಂಡರ್ ಬಂದರೆ ಕೊಯ್ತ ಹೇಗಿದ್ದರೂ ಸರಿಹೋಗುತ್ತದೆ’ ಎಂಬುದು ಇದಕ್ಕಿಂತ ದುಬಾರಿ ನಂಬಿಕೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ನೋಡಿ. 1897ರ ಬೆಂಕಿಯ ನಂತರ ಕಟ್ಟಲು ಶುರುಮಾಡಿ 1912ರಲ್ಲಿ ಮುಗಿಸಿದ ಅರಮನೆ ಅದು. ಚಾವಣಿಯ ನವಿಲಿನ ಚಿತ್ತಾರದ ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದದ್ದು. ಮೇಜಿನ ಮೇಲಿಡುವ ವಿದ್ಯುತ್ ಗ್ರೈಂಡರ್ ಆಗಿನ್ನೂ ಹುಟ್ಟಿರಲಿಲ್ಲ. ಗಾಜಿನ ಮೇಲೆ ಗೀರು ಎಳೆದು, ಮುರಿದು, ಉಳಿದ ಚೂರುಪಾರನ್ನು ಇಕ್ಕಳದಿಂದ ಚಿವುಟಿ ತೆಗೆಯುವುದೇ ಅಂದಿನ ಕುಶಲತೆ. ಸೀಸದ ಪಟ್ಟಿಯಲ್ಲಿ ಕೂರಿಸುವ ಚರ್ಚಿನ ಕಿಟಕಿಗಳಲ್ಲಿ ಪಟ್ಟಿಯ ತುಟಿ ಅಂಚಿನ ಸಣ್ಣಪುಟ್ಟ ಒರಟನ್ನು ಮುಚ್ಚಿಬಿಡುತ್ತದೆ. ಅಂಚಿಗೆ ತಾಮ್ರದ ಟೇಪು ಸುತ್ತಿ ಬೆಸುಗೆ ಹಾಕುವ ಪದ್ಧತಿಯಲ್ಲಿ ಆ ರಿಯಾಯಿತಿ ಇಲ್ಲ, ತುಂಡುಗಳು ಒಂದಕ್ಕೊಂದು ಕಚ್ಚಿ ಕೂರಬೇಕು. ಗ್ರೈಂಡರಿನ ನಿಜವಾದ ಕೆಲಸ ಅಲ್ಲಿ. ಅಲ್ಲಿಯೂ ಅದು ತೆಗೆಯಬೇಕಾದದ್ದು ಕೂದಲೆಳೆಯಷ್ಟು. ಗೀರು ತಪ್ಪಿ ಉಳಿದ ಅರ್ಧ ಸೆಂಟಿಮೀಟರನ್ನು ಯಂತ್ರಕ್ಕೆ ಒತ್ತಿ ಸವೆಸುತ್ತ ಕೂತರೆ ಉರುಳೆಯೂ ಹಾಳು, ಗೆರೆಯೂ ಹಾಳು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ದುಡ್ಡು ಒಳ್ಳೆಯ ಗ್ಲಾಸ್ ಕಟ್ಟರಿಗೆ ಹೋಗಲಿ. ಗಾಜಿನಂಗಡಿಯ ಮೂಲೆಯಲ್ಲಿ ಬಿದ್ದಿರುವ 3 ಮಿ.ಮೀ. ಕಿಟಕಿ ಗಾಜಿನ ತುಂಡು ತಂದು ಗೀರು ಎಳೆದು ಮುರಿಯಿರಿ, ಕೈ ಪಳಗಲಿ. ಅಂಚು ನುಣ್ಣಗೆ ಮಾಡಲು ಕಾರ್ಬೊರಂಡಂ ಸಾಣೆಕಲ್ಲು ಅಥವಾ ನೀರಿನಲ್ಲಿ ಉಜ್ಜುವ ಕಪ್ಪು ಪಾಲಿಶ್ ಪೇಪರ್ ಸಾಕು. ಕಾರ್ಬೊರಂಡಂ ಗಾಜಿಗಿಂತ ಎಷ್ಟೋ ಗಟ್ಟಿ. ತುಂಡು ತರುವಾಗ ಒಂದು ಎಚ್ಚರ: ಬಸ್ಸಿನ ಪಕ್ಕದ ಕಿಟಕಿ, ಶೋರೂಮಿನ ಬಾಗಿಲಿನ ಟಫನ್ಡ್ ಗಾಜು ಬೇಡ. ಅದನ್ನು ಕೊಯ್ಯಲೂ ಆಗದು, ಉಜ್ಜಲೂ ಆಗದು. ಇಡೀ ಹಾಳೆ ಕಾಳುಕಾಳಾಗಿ ಸಿಡಿಯುತ್ತದೆ.

ಇನ್ನು ಮೋಟಾರು. ‘ಹಾರ್ಸ್‌ಪವರ್ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಬೋರ್‌ವೆಲ್ ಪಂಪಿನಿಂದ ಬಂದಿರಬೇಕು. ಇಲ್ಲಿ ಹತ್ತರಲ್ಲೊಂದು ಹಾರ್ಸ್‌ಪವರಿನ ಆಚೀಚೆ ಇದ್ದರೂ ಕಲಿಯುವವರಿಗೆ ಧಾರಾಳ. ಉಜ್ಜುವುದು ವಜ್ರ, ಮೋಟಾರಿನ ಕೆಲಸ ಅದನ್ನು ತಿರುಗಿಸುವುದಷ್ಟೆ. ಗಾಜನ್ನು ಒತ್ತಿದಾಗ ಉರುಳೆ ನಿಲ್ಲುವಂತಾದರೆ ಬಹಳ ಸಲ ದೋಷ ಒತ್ತುವ ಕೈಯದು. ಮತ್ತೆ ಕೆಲವು ಸಲ ಕರೆಂಟಿನದು. ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಬಲ ಸುಮಾರು ಶೇ. 60ಕ್ಕೆ ಬೀಳುತ್ತದೆ. ಸಂಜೆ ಹೊತ್ತು ಬಲ್ಬು ಮಂಕಾಗುವ ಊರಿನಲ್ಲಿ ದೊಡ್ಡ ಯಂತ್ರ ತರುವುದಕ್ಕಿಂತ ಬೆಳಗಿನ ಹೊತ್ತು ಉಜ್ಜುವುದು ಜಾಣತನ.

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸಿದರೆ ಚಿಂತೆಯಿಲ್ಲ, ಒಂದು ಕನ್ವರ್ಟರ್ ಹಾಕಿದರಾಯಿತು ಎನ್ನುವವರೂ ಇದ್ದಾರೆ. ಅಲ್ಲಿನ ಯಂತ್ರ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಪ್ರವಾಸಕ್ಕೆ ಒಯ್ಯುವ ಅಗ್ಗದ ಎಲೆಕ್ಟ್ರಾನಿಕ್ ಕನ್ವರ್ಟರಿಗೆ ಮೋಟಾರು ಹೊರುವ ಶಕ್ತಿಯಿಲ್ಲ, ತಂತಿ ಸುತ್ತಿದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಬೇಕು. ಯಂತ್ರದ ಬೆನ್ನಿನ ತಗಡಿನಲ್ಲಿ 1.5 ಆಂಪಿಯರ್ ಎಂದಿದ್ದರೆ 120ರಿಂದ ಗುಣಿಸಿ, 180 ವಿಎ (ವೋಲ್ಟ್-ಆಂಪಿಯರ್) ಆಯಿತು. ಮೋಟಾರು ಹೊರಡುವ ಗಳಿಗೆಯಲ್ಲಿ ಇನ್ನೂ ಹೆಚ್ಚು ಎಳೆಯುವುದರಿಂದ ಕನಿಷ್ಠ ಅದರ ಎರಡರಷ್ಟಿನದು ತನ್ನಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. 3,450 ಸುತ್ತು ಬರೆದಿರುವ ಇಂಡಕ್ಷನ್ ಮೋಟಾರು ಇಲ್ಲಿ 2,900ರ ಹತ್ತಿರ ತಿರುಗುತ್ತದೆ, ಸ್ವಲ್ಪ ಹೆಚ್ಚು ಕಾಯುತ್ತದೆ. ಕೆಲಸಕ್ಕೇನೂ ತೊಂದರೆಯಿಲ್ಲ, ನಡುನಡುವೆ ಬಿಡುವು ಕೊಟ್ಟರಾಯಿತು. 230 ವೋಲ್ಟಿನದೇ ಸಿಕ್ಕರೆ ಈ ತಲೆನೋವು ಯಾಕೆ?

ಉರುಳೆಯ ಲೆಕ್ಕ ಇದಕ್ಕಿಂತ ಮುಖ್ಯ. ಯಂತ್ರದ ಬೆಲೆ ಒಮ್ಮೆ ಕೊಡುವುದು, ಉರುಳೆ ಸವೆದಾಗಲೆಲ್ಲ ಕೊಳ್ಳಬೇಕಾದದ್ದು. ಮುಕ್ಕಾಲು ಇಂಚಿನದು ಹೆಚ್ಚಿನ ಕೆಲಸಗಳಿಗೆ ಆಗುತ್ತದೆ. ಒಂದಿಂಚಿನದು ಹಾಕಿದರೆ ಅದೇ ಮೋಟಾರಿನಲ್ಲಿ ಅಂಚಿನ ಓಟ ಮೂರನೇ ಒಂದು ಪಾಲು ಹೆಚ್ಚುತ್ತದೆ, ಮೋಟಾರಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಒಳಬಾಗಿದ ಕೊರಕಲುಗಳಿಗೆ ಕಾಲಿಂಚಿನದು ಬೇಕು. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಗಳ ಹೂಬಳ್ಳಿಯನ್ನು ಗಾಜಿಗೆ ಇಳಿಸುವ ಆಸೆಯಿದ್ದವರಂತೂ ಅದನ್ನು ಮರೆಯಬಾರದು. ‘ಉರುಳೆ ಮೊಂಡಾಯಿತು, ಬಿಸಾಡು’ ಎನ್ನುವುದೂ ಅವಸರದ ಮಾತು. ಗಾಜು ತಾಗುವುದು ಉರುಳೆಯ ಒಂದು ಪಟ್ಟಿಗೆ ಮಾತ್ರ. ತಿರುಪು ಸಡಿಲಿಸಿ ತುಸು ಮೇಲೆ ಕೆಳಗೆ ಮಾಡಿದರೆ ಸವೆಯದ ವಜ್ರ ಎದುರಿಗೆ ಬರುತ್ತದೆ. ಕೂರಿಸುವಾಗ ಮೋಟಾರಿನ ದಂಡಕ್ಕೆ ಚೂರು ವ್ಯಾಸಲಿನ್ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿದು ಕಚ್ಚಿಕೊಂಡು ಮುಂದೆ ಸುತ್ತಿಗೆಯ ಕೆಲಸ ಬೀಳುತ್ತದೆ.

ಹೆದರಿಕೆಗಳಲ್ಲೂ ತಲೆಕೆಳಗಾದವು ಇವೆ. ಗಾಜಿನ ಪುಡಿ ಎಂದರೆ ಸಿಲಿಕೋಸಿಸ್ ಎಂದು ಗ್ರೈಂಡರ್ ಮುಟ್ಟಲೂ ಅಂಜುವವರೇ ಮನೆ ಕಟ್ಟುವಾಗ ಗ್ರಾನೈಟ್ ಕೊಯ್ಯುವ ಬಿಳಿ ಧೂಳಿನಲ್ಲಿ ಮೂಗು ಕಟ್ಟದೆ ನಿಂತಿರುತ್ತಾರೆ. ಆ ರೋಗ ತರುವುದು ಕಲ್ಲಿನಲ್ಲಿರುವ ಹರಳು ರೂಪದ ಸಿಲಿಕಾ. ಗಾಜಿನಲ್ಲಿ ಅದು ಹರಳುಗಟ್ಟಿರುವುದಿಲ್ಲ. ಹಾಗೆಂದು ಗಾಜಿನ ಪುಡಿ ನಿರುಪದ್ರವಿಯೂ ಅಲ್ಲ, ಕೆಲವು ಬಣ್ಣದ ಗಾಜಿನಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ. ನೀರು ಇರುವುದು ಉರುಳೆ ತಂಪಾಗಿಡಲು ಮಾತ್ರವಲ್ಲ, ಧೂಳು ಏಳದಂತೆ ಮಾಡಲೂ ಹೌದು. ಅಂಚಿನಲ್ಲಿ ಒಣ ಬಿಳಿ ಪುಡಿ ಕಂಡರೆ ಸ್ಪಂಜು ಉರುಳೆಗೆ ತಾಗಿಲ್ಲ ಎಂದರ್ಥ. ಕೂಡಲೇ ನಿಲ್ಲಿಸಿ.

ಬೆರಳು ತುಂಡಾಗುತ್ತದೆ ಎಂಬ ಭಯ ಅತಿ. ಉರುಳೆಗೆ ಹಲ್ಲಿಲ್ಲ, ತಾಗಿದರೆ ಚರ್ಮ ತರಚುತ್ತದೆ. ಬೆರಳನ್ನು ಕೊಯ್ಯುವುದು ಉಜ್ಜದ ಗಾಜಿನ ಅಂಚು. ನಿಜಕ್ಕೂ ಹೆದರಬೇಕಾದದ್ದು ಸಿಡಿಯುವ ಚೂರಿಗೆ, ತಿರುಗುವ ದಂಡಕ್ಕೆ ಸಿಕ್ಕಿಕೊಳ್ಳುವ ಸೆರಗು, ದುಪಟ್ಟಾ, ಬಿಚ್ಚುಗೂದಲಿಗೆ, ಮತ್ತು ನೀರಿನ ಪಕ್ಕದಲ್ಲೇ ಇರುವ ಕರೆಂಟಿಗೆ. ಕಣ್ಣಿಗೆ ಕನ್ನಡಕ, ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್, ಸಾಧ್ಯವಾದರೆ ಆ ಸಾಲಿಗೆ ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ. ಇವು ಯಂತ್ರ ಬರುವ ಮೊದಲೇ ಮನೆಯಲ್ಲಿರಬೇಕು.

ಹಳೆಯ ಯಂತ್ರ ಬೇಡವೇ ಬೇಡ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಉರುಳೆ ಸವೆದಿದ್ದರೆ ಪರವಾಗಿಲ್ಲ, ಹೊಸದು ಸಿಗುತ್ತದೆ. ಪ್ಲಗ್ ತೆಗೆದು ದಂಡವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅತ್ತಿತ್ತ ಆಡಿದರೆ ಬೇರಿಂಗ್ ಹೋಗಿದೆ. ಯಂತ್ರದ ನೀರಿನ ತೊಟ್ಟಿಯ ತಳದಲ್ಲಿ ಗಾಜಿನ ಕೆಸರು ಸಿಮೆಂಟಿನಂತೆ ಗಟ್ಟಿಯಾಗಿದ್ದರೆ ಹಿಂದಿನ ಮಾಲೀಕ ದಿನವೂ ತೊಳೆದವನಲ್ಲ, ನೀರು ಮೋಟಾರಿಗೂ ಇಳಿದಿರಬಹುದು. ಆ ಕೆಸರನ್ನು ನೀವೂ ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟರೆ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಮರುದಿನ ಅದೇ ತೊಟ್ಟಿಗೆ ಹಾಕಿಕೊಳ್ಳಬಹುದು.