ಎಣ್ಣಿ ಹೊಡೆದ ಸಂಜೆ ನರದೊಳಗ ಏನಾಗತೈತಿ?

ಸೆಮಿಸ್ಟರ್ ರಜೆ ಬಂತಂದ್ರ ನಮ್ಮಲ್ಲಿ ಬಹಳ ಮಂದಿ ಊರ ಬಸ್ಸು ಹತ್ತತೀವಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹೊಲದಾಗ ಬೆನ್ನಿಗೆ ಪಂಪು ಕಟ್ಟಿಕೊಂಡು ‘ಎಣ್ಣಿ’ ಹೊಡೆಯೋದು ನಮಗೆ ಹೊಸದಲ್ಲ. ಸಂಜೆ ತಲೆ ಸುತ್ತಿ, ಬಾಯಲ್ಲಿ ಜೊಲ್ಲು ಸುರಿದು, ಕಣ್ಣು ಮಂಜಾದ್ರ ಮನೆಯಾಗ ಅನ್ನೋದು ಒಂದೇ ಮಾತು: “ಬಿಸಲು ಬಡದೈತಿ, ಮಜ್ಜಿಗಿ ಕುಡಿ.” ಅದು ಬಿಸಿಲೇ ಆಗಿರಬೇಕೆಂದೇನಿಲ್ಲ.

ನರಕ್ಕೂ ಸ್ನಾಯುವಿಗೂ ನಡುವೆ ಸಣ್ಣದೊಂದು ಸಂದು ಇದೆ. ಅದನ್ನು ದಾಟಿಸಿ ಸಂದೇಶ ಮುಟ್ಟಿಸುವ ರಾಸಾಯನಿಕವೇ ಅಸಿಟೈಲ್‌ಕೋಲಿನ್. 1921ರಲ್ಲಿ ಆಟೋ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು. ಇದಕ್ಕಾಗಿ 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಬಂತು.

ಸಂದೇಶ ಮುಟ್ಟಿದ ಮೇಲೆ ಲೈನ್ ಖಾಲಿಯಾಗಬೇಕಲ್ಲ? ಆ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಒಂದೊಂದು ಕಿಣ್ವ ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯುತ್ತದೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್‌ಗಳು ಈ ಕಿಣ್ವಕ್ಕೇ ಅಂಟಿಕೊಳ್ಳುತ್ತವೆ. ರಿಸೆಟ್ ಕೆಟ್ಟುಹೋಗಿ ಸಿಗ್ನಲ್ ಆನ್ ಆಗೇ ಉಳೀತದೆ. ಬೆವರು, ಕಣ್ಣೀರು, ಜೊಲ್ಲು, ವಾಂತಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸ್ನಾಯುಗಳು ಅದುರಿ, ಕೊನೆಗೆ ಸೋಲುತ್ತವೆ. ಪೈರಿನ ಹುಳ ಸಾಯುವುದೂ ಹೀಗೇ.

2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದ ತಿಂದು 17 ಮಂದಿ ಸತ್ತರು. ಅದರಲ್ಲಿ ಬೆರೆಸಿದ್ದು ಮೊನೊಕ್ರೊಟೊಫಾಸ್.

ಇದಕ್ಕೆ ಮದ್ದು ಅಟ್ರೊಪಿನ್. ಅಸಿಟೈಲ್‌ಕೋಲಿನ್ ಬಂದು ಕೂರುವ ಮಸ್ಕರಿನಿಕ್ ಗ್ರಾಹಕಗಳನ್ನು ಅದು ಮುಚ್ಚುತ್ತದೆ. ಇದೊಂದು ಫೀಡ್‌ಬ್ಯಾಕ್ ಲೂಪ್: ಐದೈದು ನಿಮಿಷಕ್ಕೆ ಎದೆಯ ಸದ್ದು ಕೇಳಿ, ಶ್ವಾಸಕೋಶ ತಿಳಿಯಾಗುವವರೆಗೆ ವೈದ್ಯರು ಡೋಸ್ ಇಮ್ಮಡಿಸುತ್ತಾ ಹೋಗುತ್ತಾರೆ. ಆದರೆ ಸ್ನಾಯುಗಳಲ್ಲಿರುವ ನಿಕೋಟಿನಿಕ್ ಗ್ರಾಹಕಗಳಿಗೆ ಅಟ್ರೊಪಿನ್ ತಾಗದು. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರೇ ಬೇಕು. ಅಂಟಿದ ವಿಷವನ್ನು ಕಿಣ್ವದಿಂದ ಬಿಡಿಸಲು ಪ್ರಾಲಿಡಾಕ್ಸಿಮ್ ಕೊಡುವುದುಂಟು. ಹೊತ್ತು ಕಳೆದಂತೆ ಆ ಬೆಸುಗೆ ಗಟ್ಟಿಯಾಗುತ್ತದೆ, ಆಮೇಲೆ ಅದೂ ಕೆಲಸ ಮಾಡದು. ತಡ ಮಾಡಬಾರದು ಅನ್ನೋದು ಅದಕ್ಕೇ.

ಅಟ್ರೊಪಿನ್ ನಮ್ಮ ಹಾಳುಜಾಗದ ದತ್ತೂರಿಯಲ್ಲೂ ಇದೆ. ಹಾಗಂತ ಅದನ್ನು ಅರೆದು ಕುಡಿಸಬ್ಯಾಡ್ರಿ. ಎಷ್ಟು ಮದ್ದು ಹೊಟ್ಟೆಗೆ ಹೋಯಿತು ಅಂತ ಅಳೆಯಲಾಗದು, ದತ್ತೂರಿಯೂ ವಿಷ. ಬಾಯಿ ಒಣಗಿ, ಪಾಪೆ ಹಿಗ್ಗಿ, ಮನುಷ್ಯ ಬಡಬಡಿಸತೊಡಗುತ್ತಾನೆ.

ಮಾಡಬೇಕಾದ್ದು ಇಷ್ಟು. ಎಣ್ಣಿ ತಾಗಿದ ಬಟ್ಟೆ ಬಿಚ್ಚಿಸಿ, ಮೈಯನ್ನು ಸಾಬೂನು ಹಚ್ಚಿ ತೊಳೆಯಿರಿ. ತೊಳೆಯುವವರ ಕೈಗೆ ಗ್ಲೌಸ್ ಇರಲಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ. ಚಿಕಿತ್ಸೆ ನಿರ್ಧರಿಸಲು ವೈದ್ಯರಿಗೆ ಅದರ ಮೇಲಿನ ಹೆಸರು ಬೇಕು.

ಡಬ್ಬಿಯ ಮೇಲಿನ ತ್ರಿಕೋನ ಕೆಂಪಿದ್ದರೆ ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಬಂದಂತೆ ತೀವ್ರತೆ ಕಡಿಮೆ. ಈ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅಪ್ಪಗ, ಕಾಕಾಗ ತೋರಿಸೋಣ. ಲೇಬಲ್ಲಿನ ಸಣ್ಣಕ್ಷರ ಅವರಿಗೆ ಕಾಣದು, ನಮಗೆ ಕಾಣತೈತಿ.