ಪೆನ್‌ಡ್ರೈವ್ ಬಿಚ್ಚಿದರೆ

ದುದ್ದದ ಕಡೆ ಈಗ ಮದುವೆ ವಿಡಿಯೊ ಸಿ.ಡಿ.ಯಲ್ಲಿ ಬರುವುದಿಲ್ಲ, ಸ್ಟುಡಿಯೊದವರು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ. ಆಲೂಗೆಡ್ಡೆ ಹೊಲ ಉಳುವ ಟ್ರ್ಯಾಕ್ಟರ್‌ನಲ್ಲಿ ಹಾಡುವುದೂ ಪೆನ್‌ಡ್ರೈವೇ, ಧನುರ್ಮಾಸದಲ್ಲಿ ದೇವಸ್ಥಾನದ ಮೈಕ್‌ಸೆಟ್‌ಗೆ ಚುಚ್ಚುವುದೂ ಅದನ್ನೇ. ಕೆಟ್ಟಾಗ ಹಾಸನಕ್ಕೆ ಒಯ್ಯುತ್ತೇವೆ. ಫಾರ್ಮ್ಯಾಟ್ ಆಗಲಿಲ್ಲವೆಂದರೆ ಅಂಗಡಿಯವರು, ‘ಹೋಗಿದೆ, ಹೊಸದು ತಗೊಳಿ’ ಅನ್ನುತ್ತಾರೆ. ಹಾಗೆ ಬಿಸಾಡಿದವುಗಳಲ್ಲಿ ಎಷ್ಟೋ ಮತ್ತೆ ಕೆಲಸ ಮಾಡಬಲ್ಲವು. ಆದರೆ ಒಳಗೆ ಯಾವ ಚಿಪ್ ಇದೆಯೆಂದು ಮೊದಲು ಗೊತ್ತಾಗಬೇಕು.

ಕವಚದ ಮೇಲಿನ ಹೆಸರಿನಿಂದ ಅದು ಗೊತ್ತಾಗುವುದಿಲ್ಲ. ಹೆಸರು ಹಾಕುವ ಕಂಪನಿಗಳಲ್ಲಿ ಬಹುಪಾಲು ಚಿಪ್ಪನ್ನು ಬೇರೆಯವರಿಂದ ಕೊಳ್ಳುತ್ತವೆ. ಒಂದೇ ಅಂಗಡಿಯಲ್ಲಿ ಕೊಂಡ, ನೋಡಲು ಒಂದೇ ಥರ ಇರುವ ಎರಡು ಡ್ರೈವ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು.

ಉಗುರು ಅಥವಾ ತೆಳ್ಳಗಿನ ಬ್ಲೇಡಿನಿಂದ ಪ್ಲಾಸ್ಟಿಕ್ ಕವಚ ಬಿಡಿಸಿದರೆ ಹಸಿರೋ ನೀಲಿಯೋ ಬಣ್ಣದ ಚಿಕ್ಕ ಹಲಗೆ ಸಿಗುತ್ತದೆ. ಅದರ ಮೇಲಿನ ದೊಡ್ಡ ಕಪ್ಪು ಚಿಪ್ ನ್ಯಾಂಡ್ ಫ್ಲ್ಯಾಶ್ ಮೆಮೊರಿ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಮತ್ತು ಸಂಗಡಿಗರು 1987ರಲ್ಲಿ ಜಗತ್ತಿಗೆ ತೋರಿಸಿದ ತಂತ್ರ ಇದು. ನಮ್ಮ ಹಾಡು, ಫೋಟೊ ಎಲ್ಲವೂ ಅದರಲ್ಲಿ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳಾಗಿ ಕುಳಿತಿರುತ್ತವೆ. ಪಕ್ಕದ ಚಿಕ್ಕ ಚಿಪ್ಪು ಕಂಟ್ರೋಲರ್. ಜೊತೆಗೆ ಬೆಳ್ಳಗೆ ಹೊಳೆಯುವ ಪುಟ್ಟ ಡಬ್ಬಿಯಂಥ ಕ್ರಿಸ್ಟಲ್, ಅದರ ಮೇಲೆ ಸಾಮಾನ್ಯವಾಗಿ 12 ಎಂದು ಬರೆದಿರುತ್ತದೆ. ಸೆಕೆಂಡಿಗೆ 1 ಕೋಟಿ 20 ಲಕ್ಷ ಸಲ ಮಿಡಿದು ತಾಳ ಹಾಕುವುದು ಅದರ ಕೆಲಸ. ಡ್ರೈವ್ ಕೆಳಗೆ ಬಿದ್ದು ಈ ಕ್ರಿಸ್ಟಲ್ ಒಡೆದಿದ್ದರೆ, ಅಥವಾ ಚುಚ್ಚಿದ್ದಾಗ ಕೈ ತಗುಲಿ ಬಾಗಿ ಪಿನ್ನಿನ ಬೆಸುಗೆ ಬಿಟ್ಟಿದ್ದರೆ, ಕೈ ಪಳಗಿದ ಮೊಬೈಲ್ ರಿಪೇರಿಯವರು ಅದನ್ನು ಸರಿಮಾಡಬಲ್ಲರು.

ಹೆಚ್ಚಿನ ತೊಂದರೆ ಬರುವುದು ಕಂಟ್ರೋಲರಿಗೂ ಮೆಮೊರಿಗೂ ನಡುವೆ. ನ್ಯಾಂಡ್ ಚಿಪ್ಪಿನಲ್ಲಿ ಕಾರ್ಖಾನೆಯಿಂದ ಬರುವಾಗಲೇ ಕೆಲವು ಭಾಗ ಕೆಟ್ಟಿರುತ್ತದೆ, ಬರೆದು ಅಳಿಸಿದಷ್ಟೂ ಇನ್ನಷ್ಟು ಸವೆಯುತ್ತದೆ. ಕಂಟ್ರೋಲರ್ ಹಳೆಯ ಕಾಲದ ಶಾನುಭೋಗರ ಹಾಗೆ: ಯಾವ ಜಾಗ ಬಂಜರು, ಯಾವುದರಲ್ಲಿ ಯಾವ ಫೈಲ್ ಇದೆ ಎಂಬ ಲೆಕ್ಕ ಇಟ್ಟಿರುತ್ತದೆ. ಬರೆಯುತ್ತಿರುವಾಗಲೇ ಡ್ರೈವ್ ಕಿತ್ತರೆ ಆ ಲೆಕ್ಕವೇ ಕೆಡಬಹುದು. ಆಗ ಕಂಪ್ಯೂಟರಿನಲ್ಲಿ ಡ್ರೈವ್ ಕಾಣುತ್ತದೆ, ತೆರೆಯಲು ಹೋದರೆ ‘ನೋ ಮೀಡಿಯಾ’, ಗಾತ್ರ ಸೊನ್ನೆ. ಹೀಗೆ ಕಂಡರೆ ಸಾಮಾನ್ಯವಾಗಿ ಕಂಟ್ರೋಲರ್ ಬದುಕಿದೆ ಎಂದರ್ಥ. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿ. ಏನೂ ಬರೆಯಲು ಬಿಡದೆ ‘ರೈಟ್ ಪ್ರೊಟೆಕ್ಟೆಡ್’ ಎಂದರೆ, ಕೆಟ್ಟ ಭಾಗಗಳ ಬದಲಿಗೆಂದು ಇಟ್ಟ ಮೀಸಲು ಜಾಗ ತೀರಿ ಕಂಟ್ರೋಲರ್ ತಾನೇ ಬಾಗಿಲು ಹಾಕಿಕೊಂಡಿರುವ ಸಾಧ್ಯತೆ ಉಂಟು. ಇರುವ ಫೈಲುಗಳನ್ನು ಕೂಡಲೇ ಬೇರೆ ಕಡೆ ಇಳಿಸಿಕೊಳ್ಳಿ.

ಬಿಚ್ಚದೆಯೂ ಗುರುತು ಹಿಡಿಯುವ ದಾರಿ ಇದೆ. ಪ್ರತಿ ಯು.ಎಸ್.ಬಿ. ಸಾಧನ ಚುಚ್ಚಿದೊಡನೆ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎರಡನ್ನೂ ಒಪ್ಪಿಸುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಹಾರ್ಡ್‌ವೇರ್ ಐಡಿ’ ತೆರೆದರೆ ಅವು ಕಾಣುತ್ತವೆ: 0781 ಸ್ಯಾನ್‌ಡಿಸ್ಕ್, 0951 ಕಿಂಗ್‌ಸ್ಟನ್, 058ಎಫ್ ತೈವಾನಿನ ಆಲ್ಕರ್ ಮೈಕ್ರೊ. ಆದರೆ ಅಗ್ಗದ ಮಾಲಿನಲ್ಲಿ ಈ ಸಂಖ್ಯೆಯೂ ಸುಳ್ಳಿರಬಹುದು. ಚಿಪ್‌ಜೀನಿಯಸ್‌ನಂಥ ಪ್ರೋಗ್ರಾಂಗಳು ಕಂಟ್ರೋಲರನ್ನೇ ಮಾತಾಡಿಸಿ ಅದರ ಮಾದರಿಯನ್ನು, ಹಲವು ಸಲ ಮೆಮೊರಿ ಚಿಪ್ಪಿನ ಗುರುತನ್ನೂ ಹೇಳುತ್ತವೆ. ಆ ಗುರುತು ಇಸಿ ಎಂದು ಶುರುವಾದರೆ ಸ್ಯಾಮ್‌ಸಂಗ್, 98 ಎಂದಾದರೆ ತೋಷಿಬಾ. ಇಷ್ಟಾದರೂ ಅನುಮಾನ ಉಳಿದರೆ ಬಿಚ್ಚಿ, ಚಿಪ್ಪಿನ ಮೇಲಿನ ಅಕ್ಷರಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದುವುದೇ ಖಚಿತ. ಬೆಳಕು ಓರೆಯಾಗಿ ಬೀಳಲಿ, ಮಾಸಿದ ಅಕ್ಷರವೂ ಎದ್ದು ಕಾಣುತ್ತದೆ. ಉಗುರಿನಷ್ಟು ಚಿಕ್ಕ ಡ್ರೈವ್‌ಗಳಲ್ಲಿ ಎಲ್ಲವೂ ಒಂದೇ ಕರಿ ಬಿಲ್ಲೆಯೊಳಗೆ ಸೇರಿಕೊಂಡಿರುವುದರಿಂದ ಅಲ್ಲಿ ಪ್ರೋಗ್ರಾಂ ಒಂದೇ ಗತಿ.

ಗುರುತು ಸಿಕ್ಕಿತೆಂದರೆ ಆ ಕಂಟ್ರೋಲರಿಗೆಂದೇ ಇರುವ ಕಾರ್ಖಾನೆಯ ಪ್ರೋಗ್ರಾಂ ಬಳಸಿ ಲೆಕ್ಕವನ್ನು ಹೊಸದಾಗಿ ಬರೆಸಬಹುದು. ಬೇರೆ ಮಾದರಿಯದ್ದು ಹಾಕಿದರೆ ಉಳಿದ ಜೀವವೂ ಹೋಗಬಹುದು. ಗುರುತಿಗೆ ಇಷ್ಟು ಒದ್ದಾಡುವುದು ಅದಕ್ಕೇ. ಇದೇ ಪ್ರೋಗ್ರಾಂನಿಂದ 8 ಜಿ.ಬಿ. ಚಿಪ್ಪಿಗೆ 64 ಎಂದು ಸುಳ್ಳು ಬರೆದು ಮಾರುವ ಮೋಸವೂ ನಡೆಯುತ್ತದೆ. ಅಂಥದ್ದನ್ನು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂ, ಪೂರ್ತಿ ತುಂಬಿಸಿ ಮತ್ತೆ ಓದಿ ಹಿಡಿದುಕೊಡುತ್ತದೆ. ಕಾರ್ಖಾನೆ ಪ್ರೋಗ್ರಾಂಗಳನ್ನು ಕಂಪನಿಗಳು ನಮಗೆಂದು ಕೊಡುವುದಿಲ್ಲ, ಕೈಯಿಂದ ಕೈಗೆ ಹರಿದಾಡುವ ಪ್ರತಿಗಳಲ್ಲಿ ವೈರಸ್ ಇರಬಹುದು. ಹಳೆಯ, ಖಾಲಿ ಕಂಪ್ಯೂಟರಿನಲ್ಲೇ ಓಡಿಸಿ.

ಒಂದು ಮಾತು ಮಾತ್ರ ಮರೆಯಬೇಡಿ. ಲೆಕ್ಕ ಹೊಸದಾಗಿ ಬರೆಸುವ ಈ ರಿಪೇರಿಯಲ್ಲಿ ಡ್ರೈವ್ ಉಳಿಯುತ್ತದೆ, ಒಳಗಿದ್ದದ್ದು ಅಳಿಸಿಹೋಗುತ್ತದೆ. ಅಂಗಡಿಯಲ್ಲಿ ಕೊಡುವಾಗಲೇ ‘ನನಗೆ ಬೇಕಿರುವುದು ಒಳಗಿನ ಫೈಲು’ ಎಂದೋ ‘ಡ್ರೈವ್ ಸರಿಯಾದರೆ ಸಾಕು’ ಎಂದೋ ಬಿಡಿಸಿ ಹೇಳಿ.