ನಿಮಗಿದು ಗೊತ್ತೇ? ದೋಣಿಗೆ ನೀರೇ ಹಗೆ!

ನೀರಿಗೆಂದೇ ಕಟ್ಟಿದ ದೋಣಿಗೆ ನೀರಿನಷ್ಟು ದೊಡ್ಡ ಹಗೆ ಬೇರೊಂದಿಲ್ಲ. ಓಡುತ್ತಿರುವಷ್ಟು ಹೊತ್ತು ಚಿಂತೆಯಿಲ್ಲ, ಕಟ್ಟಿ ನಿಲ್ಲಿಸಿದಾಗಲೇ ಕಾಟ ಶುರು. ಮನೆಬಳಕೆಯ ಪುಟ್ಟ ಮೋಟಾರ್ ಬೋಟು ವರ್ಷದ ಬಹುಪಾಲು ದಿನ ಸುಮ್ಮನೆ ನಿಂತಿರುವುದೇ ಹೆಚ್ಚು. ಅದಕ್ಕೇ ಅಮೆರಿಕದ ಸರೋವರ, ಕಾಲುವೆಗಳ ದಂಡೆಯ ಮನೆಗಳಲ್ಲಿ ಬೋಟ್ ಲಿಫ್ಟ್ ಇಟ್ಟುಕೊಳ್ಳುತ್ತಾರೆ. ಸುತ್ತಾಟ ಮುಗಿಸಿ ಬಂದು, ಬೋಟನ್ನು ಅದರ ತೊಟ್ಟಿಲೊಳಗೆ ನಿಲ್ಲಿಸಿ ಗುಂಡಿ ಒತ್ತಿದರೆ ಸಾಕು. ಕೆಲವೇ ನಿಮಿಷಗಳಲ್ಲಿ ಬೋಟು ನೀರು ಸೋರಿಸುತ್ತ ಮೇಲೆದ್ದು ನಿಲ್ಲುತ್ತದೆ.

ಫ್ಲಾರಿಡಾದ ಕೇಪ್ ಕೋರಲ್ ಎಂಬ ಊರೊಂದರಲ್ಲೇ ಸುಮಾರು 640 ಕಿ.ಮೀ. ಉದ್ದದ ಕಾಲುವೆಗಳಿವೆ. ಬೆಂಗಳೂರಿನಿಂದ ಹೊರಟರೆ ಕಲಬುರಗಿ ದಾಟುವಷ್ಟು ದೂರ! 1957ರಲ್ಲಿ ರೋಸೆನ್ ಸಹೋದರರು ಜಮೀನು ಕೊಂಡು ಎಬ್ಬಿಸಿದ ಊರಿದು. ತಗ್ಗು ನೆಲವನ್ನು ಅಗೆದು ಕಾಲುವೆ ಮಾಡಿದರು, ಅಗೆದ ಮಣ್ಣನ್ನೇ ಪಕ್ಕದಲ್ಲಿ ತುಂಬಿಸಿ ನಿವೇಶನ ಮಾಡಿ ಮಾರಿದರು. ಹೀಗಾಗಿ ಅಲ್ಲಿ ಮನೆಯ ಮುಂಬಾಗಿಲಿಗೆ ರಸ್ತೆ, ಹಿತ್ತಿಲಿಗೆ ನೀರು. ಮುಂದೆ ಕಾರು ನಿಂತಿದ್ದರೆ ಹಿಂದೆ ನಾಲ್ಕು ಕಂಬಗಳ ನಡುವೆ ಬೋಟು ತೂಗಾಡುತ್ತಿರುತ್ತದೆ.

ನಿಂತ ಬೋಟಿನ ತಳಕ್ಕೆ ಮೊದಲು ಲೋಳೆ ಹಿಡಿಯುತ್ತದೆ, ಆಮೇಲೆ ಪಾಚಿ. ಉಪ್ಪುನೀರಾದರೆ ಬಾರ್ನಕಲ್ ಎಂಬ ಚಿಪ್ಪಿನ ಜೀವಿಯೂ ಬಂದು ಕೂರುತ್ತದೆ. ನೋಡಲು ಕಪ್ಪೆಚಿಪ್ಪಿನ ಬಳಗದಂತಿದ್ದರೂ ಇದು ಸೀಗಡಿ, ಏಡಿಗಳ ನೆಂಟ. ತಲೆಯನ್ನು ಬೋಟಿಗೆ ಅಂಟಿಸಿಕೊಂಡು, ಕಾಲುಗಳನ್ನು ಹೊರಗೆ ಬೀಸಿ ಆಹಾರ ಹಿಡಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇದರ ಹಿಂದೆಯೇ ಬಿದ್ದಿದ್ದ. ಬೋಟಿನವರಿಗೆ ಅಷ್ಟು ಪ್ರೀತಿಯಿಲ್ಲ. ತಳ ಒರಟಾದಷ್ಟೂ ವೇಗ ಇಳಿಯುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ.

ಈ ಜೀವಿಗಳನ್ನು ದೂರವಿಡಲು ತಾಮ್ರ ಬೆರೆಸಿದ ಬಣ್ಣ ಬಳಿಯುವುದು ರೂಢಿ. ಒಂದು ಕಾಲಕ್ಕೆ ಟ್ರೈಬ್ಯೂಟೈಲ್ ಟಿನ್ ಎಂಬ ತವರದ ವಿಷವನ್ನೂ ಬಣ್ಣಕ್ಕೆ ಸೇರಿಸುತ್ತಿದ್ದರು. ಅದು ಸಮುದ್ರದ ಬಸವನಹುಳುಗಳ ಲಿಂಗವನ್ನೇ ಏರುಪೇರು ಮಾಡುತ್ತಿದೆಯೆಂದು ಗೊತ್ತಾದ ಮೇಲೆ, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು. ಲಿಫ್ಟಿನ ಮೇಲೆ ಒಣಗಿ ನಿಲ್ಲುವ ಬೋಟಿಗೆ ಸಾಮಾನ್ಯವಾಗಿ ಈ ಬಣ್ಣವೇ ಬೇಡ. ಲಿಫ್ಟಿನ ದೊಡ್ಡ ಲಾಭ ಇದೇ ಎಂದು ನನ್ನ ಲೆಕ್ಕ.

ಫೈಬರ್ ಗ್ಲಾಸ್ ನೀರು ಕುಡಿಯುವುದಿಲ್ಲ ಎಂದುಕೊಂಡಿದ್ದೀರಾ? ಕುಡಿಯುತ್ತದೆ, ಆದರೆ ಬಹಳ ನಿಧಾನವಾಗಿ. ತಿಂಗಳುಗಟ್ಟಲೆ ನೀರಿನಲ್ಲೇ ಬಿಟ್ಟರೆ ಹೊಳಪಿನ ಹೊರಪದರದ ಅಡಿಗೆ ನೀರು ಇಳಿದು, ಅಲ್ಲಲ್ಲಿ ಬೊಬ್ಬೆಗಳು ಏಳುತ್ತವೆ.

ಮರದ ದೋಣಿಯ ಧರ್ಮವೇ ಬೇರೆ. ಹಲಗೆಗೆ ಹಲಗೆ ಜೋಡಿಸಿದ ಹಳೆಯ ಕಾಲದ ದೋಣಿಯನ್ನು ಬಹಳ ದಿನ ಮೇಲೆತ್ತಿ ಒಣಗಿಸಿದರೆ ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಮತ್ತೆ ನೀರಿಗಿಳಿಸಿದರೆ ಮೊದಮೊದಲು ಸೋರುತ್ತದೆ, ಮರ ನೀರು ಹೀರಿ ಉಬ್ಬಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಫೈಬರ್ ಬೋಟಿಗೆ ಔಷಧವಾದ ಲಿಫ್ಟು ಮರದ ದೋಣಿಗೆ ಕಾಯಿಲೆ ತರಬಹುದು.

ನಮ್ಮ ಕರಾವಳಿಯಲ್ಲಿ ಈ ಲಿಫ್ಟುಗಳ ಬಳಕೆ ಕಾಣುವುದು ಅಪರೂಪ. ಆದರೆ ದೋಣಿಯನ್ನು ನೀರಿನಿಂದ ಮೇಲಿಡುವ ಪದ್ಧತಿಗೆ ಇಲ್ಲೇನೂ ಕೊರತೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದ ಕಡಲು ರೇಗುವ ಮೊದಲೇ ಹಲವೆಡೆ ಸಣ್ಣ ದೋಣಿಗಳನ್ನು ಹತ್ತಾರು ಜನ ಸೇರಿ ದಡಕ್ಕೆ ಎಳೆದು, ತೆಂಗಿನ ಗರಿ ಇಲ್ಲವೇ ಟಾರ್ಪಾಲು ಹೊದಿಸುತ್ತಾರೆ.

ಈಗ ತೂಕದ ಮಾತು. ನೀರಿನಲ್ಲಿರುವಾಗ ಬೋಟಿನ ತಳದ ಇಂಚಿಂಚನ್ನೂ ನೀರು ಹೊತ್ತಿರುತ್ತದೆ. ಲಿಫ್ಟಿನಲ್ಲಿ ಅಷ್ಟೂ ಭಾರ ಬೀಳುವುದು ಕಾರ್ಪೆಟ್ ಸುತ್ತಿದ ಎರಡು ಉದ್ದನೆಯ ಹಲಗೆಗಳ ಮೇಲೆ. ಈ ಹಲಗೆಗಳು ಬೋಟಿನ ಹಿಂಬದಿಯ ಅಂಚಿನವರೆಗೂ ಚಾಚಿರಲೇಬೇಕು, ಏಕೆಂದರೆ ಎಂಜಿನ್ ನೇತಾಡುವುದು ಅಲ್ಲೇ. 115 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಒಂದೇ 160 ಕಿಲೋ ಮೀರುತ್ತದೆ. ಹಲಗೆ ಗಿಡ್ಡವಾದರೆ ಕಾಲಕ್ರಮೇಣ ತಳ ಅಲ್ಲಿ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಾಗು ಸಾಕು, ಬೋಟು ಮೊದಲಿನಂತೆ ಓಡುವುದಿಲ್ಲ.

ಲಿಫ್ಟ್ ಕೊಳ್ಳುವವರು ಹೆಚ್ಚಾಗಿ ಎಡವುವುದು ಕಂಪನಿ ಹೇಳುವ ಖಾಲಿ ಬೋಟಿನ ತೂಕವನ್ನು ನಂಬಿ. ಎಂಜಿನ್ನು, ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ ಎಲ್ಲ ಸೇರಿಸಬೇಕು. ನೂರು ಲೀಟರ್ ಪೆಟ್ರೋಲೇ ಸುಮಾರು 75 ಕಿಲೋ ತೂಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದವರೂ ಮಳೆಯನ್ನು ಮರೆಯುತ್ತಾರೆ! ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋ. ಐದೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರೆದ ಬೋಟಿನ ಬಾಯಿ, ಮೂತಿಯ ಚೂಪು ಕಳೆದರೂ, ಹತ್ತು ಚದರ ಮೀಟರ್ ಆಗುತ್ತದೆ. ಆಗುಂಬೆಯಲ್ಲಿ ಆಷಾಢದ ಒಂದು ದಿನಕ್ಕೆ 100 ಮಿ.ಮೀ. ಸುರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟೇ ಮಳೆ ಈ ಬೋಟಿನೊಳಗೆ ಬಿದ್ದು ನಿಂತರೆ ಸಾವಿರ ಲೀಟರ್, ಒಂದು ಟನ್! ಎಂಜಿನ್ ಸಮೇತ ಬೋಟಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ರಾತ್ರಿ ಮಲಗುವಾಗ ಒಂದು ಬೋಟು ಹೊತ್ತಿದ್ದ ಲಿಫ್ಟು ಬೆಳಗಾಗುವಷ್ಟರಲ್ಲಿ ಎರಡರ ಭಾರ ಹೊತ್ತಿರುತ್ತದೆ. ಕೇಬಲ್ ಹರಿಯಬಹುದು, ತೊಲೆ ಬಾಗಬಹುದು.

ಇದಕ್ಕೆ ಪರಿಹಾರ ಹೆಬ್ಬೆರಳಿನ ಗಾತ್ರದ ಒಂದು ಬಿರಡೆ. ಬೋಟಿನ ಹಿಂಬದಿಯ ತಳದಲ್ಲಿ ನೀರು ಹೋಗಲೆಂದು ತೂತು ಇರುತ್ತದೆ. ಮೇಲೆತ್ತಿದ ಕೂಡಲೇ ಬಿರಡೆ ತೆಗೆಯಬೇಕು, ಮೂತಿಯ ಕಡೆ ಸ್ವಲ್ಪ ಎತ್ತರವಿರುವಂತೆ ನಿಲ್ಲಿಸಬೇಕು. ಆಗ ನೀರು ತಾನಾಗಿಯೇ ಹಿಂದಕ್ಕೆ ಹರಿದು ಹೋಗುತ್ತದೆ. ಎರಡು ಒಣ ಎಲೆ ಬಂದು ತೂತಿಗೆ ಅಡ್ಡ ಕೂತರೂ ಲೆಕ್ಕವೆಲ್ಲ ತಲೆಕೆಳಗು, ಆದ್ದರಿಂದ ಮೇಲೆ ಹೊದಿಕೆಯೂ ಇರಲಿ. ಇನ್ನು ಬಿರಡೆ ಹಾಕುವುದನ್ನು ಮರೆತು ಬೋಟನ್ನು ನೀರಿಗಿಳಿಸಿದವರಿಗೆ ಯಾವ ದೇಶದಲ್ಲೂ ಬರವಿಲ್ಲ. ಬುದ್ಧಿವಂತರು ಬಿರಡೆಯನ್ನು ಎಂಜಿನ್ ಕೀಲಿಯ ಜೊತೆಗೇ ಕಟ್ಟಿಡುತ್ತಾರೆ.

ಲಿಫ್ಟುಗಳಲ್ಲಿ ಹಲವು ಬಗೆ. ಕೇಬಲ್ ಮತ್ತು ರಾಟೆಯಿಂದ ನೇರ ಮೇಲಕ್ಕೆ ಎತ್ತುವಂಥದ್ದು ಒಂದು. ಕ್ಯಾಂಟಿಲಿವರ್ ಬಗೆಯದು ಜೀಕಿದ ಉಯ್ಯಾಲೆಯ ಹಾಗೆ ಓರೆಯಾಗಿ ಸರಿದು ಮೇಲೇರುತ್ತದೆ. ತಗ್ಗು ನೀರಿಗೆ ಒಳ್ಳೆಯದು, ಆದರೆ ಎತ್ತರ ಹೆಚ್ಚು ಸಿಗದು. ಕಂಬ ನೆಡಲಾಗದಷ್ಟು ಆಳವಿರುವ ಕಡೆ, ನೀರಿನ ಮಟ್ಟ ಏರಿಳಿಯುವ ಜಲಾಶಯಗಳಲ್ಲಿ ತೇಲುವ ಲಿಫ್ಟು ಬೇಕು. ಅದರಲ್ಲಿ ಪ್ಲಾಸ್ಟಿಕ್ ತೊಟ್ಟಿಗಳಿಗೆ ಗಾಳಿ ಊದಿದರೆ ಒಳಗಿನ ನೀರು ಹೊರಹೋಗಿ ತೊಟ್ಟಿಗಳು ಬೋಟಿನ ಸಮೇತ ಮೇಲೇಳುತ್ತವೆ. ಸಾವಿರ ಲೀಟರ್ ನೀರು ಹೊರಹಾಕಿದರೆ ಒಂದು ಟನ್ ಎತ್ತುವ ಬಲ. ಆರ್ಕಿಮಿಡೀಸ್ ಹೇಳಿದ್ದೂ ಇದನ್ನೇ.

ಆರ್ಕಿಮಿಡೀಸನ ನಿಜವಾದ ಚಮತ್ಕಾರ ನೋಡಬೇಕಾದರೆ ಸ್ಕಾಟ್ಲೆಂಡಿನ ಫಾಲ್ಕರ್ಕ್ ಚಕ್ರ ನೋಡಿ. 2002ರಲ್ಲಿ ತೆರೆದ ಈ ದೈತ್ಯ ಲಿಫ್ಟು ಬೋಟುಗಳನ್ನು ನೀರು ತುಂಬಿದ ತೊಟ್ಟಿಯಲ್ಲಿಟ್ಟು 24 ಮೀಟರ್ ಎತ್ತುತ್ತದೆ. ಬೋಟು ಒಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಹೊರದಬ್ಬುವುದರಿಂದ ತೊಟ್ಟಿಯ ತೂಕ ಬದಲಾಗುವುದೇ ಇಲ್ಲ. ಎರಡೂ ಕಡೆ ಸಮತೂಕ. ಒಂದು ಸಲ ತಿರುಗಿಸಲು ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಸಾಕು.

ಮತ್ತೆ ಅಮೆರಿಕಕ್ಕೆ ಬಂದರೆ, ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ 11,842 ಇವೆ. ಅಲ್ಲಿ ಲಿಫ್ಟುಗಳಿಗೆ ಚಕ್ರ ಇರುತ್ತದೆ. ಚಳಿಗಾಲಕ್ಕೆ ಮೊದಲು ಎದೆಯೆತ್ತರದ ರಬ್ಬರ್ ಉಡುಪು ತೊಟ್ಟು ನೀರಿಗಿಳಿದು, ಲಿಫ್ಟನ್ನೇ ದಡಕ್ಕೆ ಉರುಳಿಸಿ ತರುತ್ತಾರೆ. ಬಿಟ್ಟರೆ ಹಿಮಗಡ್ಡೆಯ ಹಾಸು ಸರಿದಾಡುತ್ತ ಅಲ್ಯೂಮಿನಿಯಂ ಚೌಕಟ್ಟನ್ನು ತಿರುಚಿ ಹಾಕುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಈ ಕಾರಣಕ್ಕೇ ಹೆಪ್ಪುಗಟ್ಟುವ ಚಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ನನ್ನು ಓರೆ ಎತ್ತಿಡದೆ ನೆಟ್ಟಗೆ ಕೆಳಮುಖವಾಗಿ ಬಿಡಬೇಕು, ಒಳಗಿನ ನೀರೆಲ್ಲ ಸುರಿದುಹೋಗಲಿ ಎಂದು.

ಆ ರಾಜ್ಯದಲ್ಲಿ ಹಳೆಯ ಲಿಫ್ಟನ್ನು ಒಂದು ಸರೋವರದಿಂದ ತೆಗೆದು ಇನ್ನೊಂದಕ್ಕೆ ಹಾಕುವ ಮೊದಲು 21 ದಿನ ಒಣಗಿಸುವುದು ಕಾನೂನು. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಗಾತ್ರದ ಪಟ್ಟೆ ಚಿಪ್ಪುಜೀವಿಯ ಭಯ ಅದಕ್ಕೆ ಕಾರಣ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಈ ಜೀವಿ ಹಡಗುಗಳ ಹೊಟ್ಟೆಯಲ್ಲಿನ ನೀರಿನ ಜೊತೆ ಅಮೆರಿಕ ಸೇರಿ, 1988ರಲ್ಲಿ ಪತ್ತೆಯಾಯಿತು. ಲಿಫ್ಟಿನ ಕಾಲಿಗೆ ಅಂಟಿಕೊಂಡರೆ ಅದಕ್ಕೆ ಪುಕ್ಕಟೆ ಪ್ರಯಾಣ.

ಅಂದಹಾಗೆ, ಬೋಟಿಗೆ ನೇತಾಡುವ ಈ ಔಟ್‌ಬೋರ್ಡ್ ಎಂಜಿನ್ನಿನ ಹಿಂದೊಂದು ಐಸ್‌ಕ್ರೀಮಿನ ಕಥೆಯಿದೆ. ವಿಸ್ಕಾನ್ಸಿನ್‌ನಲ್ಲಿದ್ದ ನಾರ್ವೆ ಮೂಲದ ಓಲೆ ಎವಿನ್ರೂಡ್, ಮದುವೆಯಾಗಲಿದ್ದ ಹುಡುಗಿಗೆಂದು ಸರೋವರದಾಚೆಯಿಂದ ಹುಟ್ಟು ಹಾಕಿಕೊಂಡು ಐಸ್‌ಕ್ರೀಮ್ ತರುವಷ್ಟರಲ್ಲಿ ಅದು ಕರಗಿಹೋಯಿತಂತೆ. 1909ರ ಹೊತ್ತಿಗೆ ಅವನ ಎಂಜಿನ್ ಮಾರುಕಟ್ಟೆಯಲ್ಲಿತ್ತು. ಅವನಿಗಿಂತ ಮೊದಲೂ ಇಂಥ ಎಂಜಿನ್ ಮಾಡಿದವರಿದ್ದರು, ಪಾಪ, ಅವರಿಗೆ ಐಸ್‌ಕ್ರೀಮಿನ ಕಥೆಯಿರಲಿಲ್ಲ.

ಲಿಫ್ಟಿನ ಮೇಲೆ ಬೋಟು ಒಣಗಿ ನಿಂತಿರುವಾಗ ಎಂಜಿನ್ ಚಾಲೂ ಮಾಡಬೇಡಿ. ಕೆಳಗಿನ ನೀರನ್ನೇ ಹೀರಿ ತಂಪಾಗುವ ಎಂಜಿನ್ ಅದು. ನೀರು ಸಿಗದಿದ್ದರೆ ಪಂಪಿನೊಳಗಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ.

ಕೇಬಲ್ ಸರಿಯಿದೆಯೇ ಎಂದು ಬರಿಗೈಯಲ್ಲಿ ಸವರಿ ನೋಡುವುದೂ ಬೇಡ. ಸವೆದ ಉಕ್ಕಿನ ಹಗ್ಗದಿಂದ ಕಿತ್ತುಬಂದ ಎಳೆಗಳು ಗಾಳದ ಹಾಗೆ ಅಂಗೈಗೆ ನಾಟುತ್ತವೆ. ಹಳೆಯ ಬಟ್ಟೆಯೊಂದನ್ನು ಸುತ್ತಿ ಎಳೆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಕೇಬಲ್ ಹೋಗಿದೆ ಎಂದರ್ಥ.

ಚಂಡಮಾರುತ ಬರುವಾಗ ಬೋಟನ್ನು ಲಿಫ್ಟಿನ ತುತ್ತತುದಿಗೆ ಏರಿಸಿ ಬಿಗಿದು ಕಟ್ಟಿದರೆ ಬಚಾವ್ ಎಂಬುದು ಹಲವರ ನಂಬಿಕೆ. ಆದರೆ ಕಡಲು ಉಬ್ಬಿ ಬಂದರೆ ಲಿಫ್ಟಿನ ಎತ್ತರಕ್ಕೆ ಬೆಲೆಯೇ ಇಲ್ಲ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಕೇಪ್ ಕೋರಲ್ ಬಳಿಯೇ ದಡ ಮುಟ್ಟಿತು. ಪಕ್ಕದ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೆಲದ ಮೇಲೆ 10ರಿಂದ 15 ಅಡಿ ನೀರು ನಿಂತಿತು. ಟ್ರೇಲರಿನಲ್ಲಿ ಹೇರಿ ದೂರದ ಎತ್ತರದ ಜಾಗಕ್ಕೆ ಸಾಗಿಸುವುದೇ ಜಾಣತನ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಲಿಫ್ಟಿನ ಮೋಟಾರಿಗೆ ಜೆಟ್ಟಿಯ ಮೇಲೆ ವಿದ್ಯುತ್ ತಂತಿ ಎಳೆದಿರುತ್ತಾರೆ. ಅದರಿಂದ ಕರೆಂಟು ನೀರಿಗೆ ಸೋರಿದರೆ ಉಪ್ಪುನೀರಿಗಿಂತ ಸಿಹಿನೀರೇ ಹೆಚ್ಚು ಅಪಾಯ. ಸಿಹಿನೀರಿಗಿಂತ ಮನುಷ್ಯನ ಮೈ ವಿದ್ಯುತ್ತಿಗೆ ಸಲೀಸು ದಾರಿ, ಹಾಗಾಗಿ ಕರೆಂಟು ಈಜುವವನ ಮೈಯನ್ನೇ ಹಿಡಿಯುತ್ತದೆ. 10 ಮಿಲಿಆಂಪಿಯರಿನ ಆಸುಪಾಸಿನಲ್ಲೇ ಸ್ನಾಯುಗಳು ಸೆಟೆದು, ಒಳ್ಳೆಯ ಈಜುಗಾರನೂ ಕೈಕಾಲು ಆಡಿಸಲಾಗದೆ ಮುಳುಗುತ್ತಾನೆ. ಬ್ಯಾಟರಿ ಮತ್ತು ಸೋಲಾರ್ ಫಲಕದಿಂದ ನಡೆಯುವ 12 ಅಥವಾ 24 ವೋಲ್ಟಿನ ಲಿಫ್ಟಾದರೆ ಈ ಭಯವಿಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ, ನೆಂಟರ ಮನೆಗೆ ಹೋದಾಗ ಸರೋವರದ ದಂಡೆಯ ಮನೆಯಲ್ಲಿ ಉಳಿಯುವ ಸಂದರ್ಭ ಬಂದೀತು. ಲಿಫ್ಟು ಏರುವಾಗ, ಇಳಿಯುವಾಗ ಬೋಟಿನಲ್ಲಿ ಕೂರಬೇಡಿ. ವಿದ್ಯುತ್ ಸಂಪರ್ಕವಿರುವ ಜೆಟ್ಟಿಯ ಪಕ್ಕ ಮಕ್ಕಳನ್ನು ಈಜಲು ಬಿಡಬೇಡಿ. ಅಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಒದ್ದಾಡತೊಡಗಿದರೆ ದಯವಿಟ್ಟು ನೀರಿಗೆ ಹಾರಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ತೇಲುವ ವಸ್ತುವೊಂದನ್ನು ಎಸೆಯಿರಿ.